ಕೀಲಿ ಕೊಟ್ಟ ಮೇಲೆ

ಕೋಲ್ಕತ್ತಾದ ನ್ಯೂ ಟೌನ್‌ನಲ್ಲಿರುವ ನಮ್ಮ ಬಾಡಿಗೆ ಮನೆಯಲ್ಲಿ, ಟಿವಿ ಕೆಳಗಿನ ಡ್ರಾದಲ್ಲಿ, ಆರು ವರ್ಷ ಒಂದು ಕೀಲಿ ಗೊಂಚಲು ಇತ್ತು. ನಾಲ್ಕು ಕೀಲಿಗಳು. ಒಂದು ಮುಂಬಾಗಿಲಿನದು, ಒಂದು ಹಿತ್ತಲ ಬಾಗಿಲಿನದು, ಒಂದು ಅಪ್ಪನ ಕಪಾಟಿನದು. ನಾಲ್ಕನೆಯದು ಯಾವುದರದ್ದು ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲವೂ ಧಾರವಾಡದ ನಮ್ಮ ಹೆಂಚಿನ ಮನೆಯವು. ಒಂಬತ್ತು ವರ್ಷದಲ್ಲಿ ಈ ಊರಿನೊಳಗೇ ಮೂರು ಸಲ ಮನೆ ಬದಲಾಯಿಸಿದ್ದೇವೆ. ಅಪ್ಪ ತೀರಿಕೊಂಡ ಮೇಲೆ ಆ ಗೊಂಚಲು ನನ್ನ ಕೈಗೆ ಬಂತು. ಆಮೇಲಿನ ಪ್ರತಿ ಸಲವೂ ಪ್ಯಾಕಿಂಗ್ ಮಾಡುವಾಗ ಲ್ಯಾಪ್‌ಟಾಪಿಗಿಂತ ಮೊದಲು ನನ್ನ ಬ್ಯಾಗಿಗೆ ಹೋದದ್ದು ಅದೇ.

ಕಳೆದ ಜೂನ್‌ನಲ್ಲಿ ಒಂದು ರಾತ್ರಿ ಹುಬ್ಬಳ್ಳಿಯಿಂದ ಅಕ್ಕನ ಫೋನ್ ಬಂತು.

"ತಮ್ಮಾ, ಹಿತ್ತಲ ಗ್ವಾಡಿ ಬಿತ್ತು. ಅಡಗಿಮನಿ ಹೆಂಚು ಅರ್ಧ ಕುಸದೈತಿ. ಹಾವು ಬರಾಕತ್ತಾವ ಅಂತ ಬಾಜೂ ಮನಿಯವರು ಬೈಯಾಕತ್ತಾರ. ತಗೊಳ್ಳಾವ್ರು ಒಬ್ರು ಬಂದಾರ. ನೀ ಒಂದ ಸಹಿ ಮಾಡಿದ್ರ ಮುಗೀತು."

"ಡಿಸೆಂಬರ್‌ನಾಗ ಬರ್ತೀನಿ ಅಕ್ಕಾ, ಆವಾಗ ನೋಡೋಣು" ಅಂದೆ. ಇದನ್ನೇ ಹಿಂದಿನ ವರ್ಷವೂ ಹೇಳಿದ್ದೆ. ಅದರ ಹಿಂದಿನ ವರ್ಷವೂ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ನಿನಗ ಆ ಮನಿ ನೆನಪಿನ್ಯಾಗ ಐತಿ. ನೆನಪಿನ್ಯಾಗಿನ ಮನಿ ಸೋರೂದಿಲ್ಲ, ತಮ್ಮಾ. ಅವ್ವ ಇಲ್ಲೆ ಇಪ್ಪತ್ತೆರಡು ಮೆಟ್ಲ ಇಳಿಯಾಕ ಆಗದ ಕುಂತಾಳ."

ಅವ್ವ ಅಕ್ಕನ ಮನೆಯಲ್ಲಿ ಎರಡನೇ ಮಹಡಿಯಲ್ಲಿ ಇದ್ದಳು. ಲಿಫ್ಟ್ ಇಲ್ಲ. ಎರಡೂ ಮೊಣಕಾಲು ಸವೆದಿವೆ, ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ದುಡ್ಡು ನಾನು ಕೊಡುತ್ತೇನೆ ಅಂದರೆ ಅವ್ವ ಒಪ್ಪುತ್ತಿರಲಿಲ್ಲ. "ನನ್ನ ಹೆಸರಿನ ಮನಿ ಕೀಲಿ ಹಾಕ್ಕೊಂಡು ಬಿದ್ದೈತಿ, ನಾ ಯಾಕ ಮಕ್ಕಳ ಮ್ಯಾಲ ಸಾಲ ಹೊರಸಲಿ?" ಅನ್ನುತ್ತಿದ್ದಳು. ಹೀಗಾಗಿ ನನ್ನ ಒಂದು ಸಹಿ ಆಗದೆ ಅವ್ವನ ಮೊಣಕಾಲು ಎರಡು ವರ್ಷ ಕಾದವು. ಭಾನುವಾರದ ಆರಾಧನೆಗೆ ಹೋಗುವುದನ್ನೂ ಆಕೆ ಬಿಟ್ಟಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ 'ಡಿಸೆಂಬರ್‌ನಾಗ ನೋಡೋಣು' ಅಂದಿದ್ದೆ.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ನಾವು ಬಾಸೆಲ್ ಮಿಶನ್ ಕಾಲದಿಂದ ಬಂದ ಕನ್ನಡ ಕ್ರೈಸ್ತರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದರು. ಮನೆಯಲ್ಲಿ ಜರ್ಮನ್ ರಾಗದ ಕನ್ನಡ ಹಾಡುಗಳು, ತಲೆಯ ಮೇಲೆ ಮಂಗಳೂರು ಹೆಂಚು, ಊಟಕ್ಕೆ ಜೋಳದ ರೊಟ್ಟಿ, ಕ್ರಿಸ್ಮಸ್‌ಗೆ ಕರ್ಚಿಕಾಯಿ ಮತ್ತು ಚಕ್ಕುಲಿ. ನಾನು ಎಂಸಿಎ ಮುಗಿಸಿ ಬೆಂಗಳೂರಿಗೆ ಹೋದೆ, ಅಲ್ಲಿಂದ ಕಂಪನಿಯವರು ಕೋಲ್ಕತ್ತಾದ ಸೆಕ್ಟರ್ ಫೈವ್‌ಗೆ ಕಳಿಸಿದರು. ಎರಡು ವರ್ಷ ಅಂತ ಬಂದದ್ದು ಒಂಬತ್ತು ವರ್ಷವಾಯಿತು.

ಆ ಒಂಬತ್ತು ವರ್ಷ ನಾನು ಇಲ್ಲಿ ಬದುಕಿದ್ದು ರೈಲ್ವೆ ವೇಟಿಂಗ್ ರೂಮಿನಲ್ಲಿ ಕೂತವರ ಹಾಗೆ. ಒಳ್ಳೆಯ ಸೋಫಾ ತಗೊಳ್ಳಲಿಲ್ಲ, 'ಹೆಂಗೂ ವಾಪಸ್ ಹೋಗೋದು' ಅಂತ. ಗೋಡೆಗೆ ಮೊಳೆ ಹೊಡೆಯಲಿಲ್ಲ. ಬೆಂಗಳೂರಿನಿಂದ ತಂದ ಎರಡು ರಟ್ಟಿನ ಪೆಟ್ಟಿಗೆ ಬಿಚ್ಚದೆ ಮಂಚದ ಕೆಳಗಿದ್ದವು. ಮೊಬೈಲಿನಲ್ಲಿ ಮೊದಲು ನೋಡುತ್ತಿದ್ದದ್ದು ಧಾರವಾಡದ ಹವಾಮಾನ. ಇಲ್ಲಿ ಹೊರಗೆ ಮೊಣಕಾಲುದ್ದ ನೀರು ನಿಂತಿದ್ದರೂ, ಅಲ್ಲಿ ಜಿಟಿಜಿಟಿ ಮಳೆ ಅಂತ ನೋಡಿ ಖುಷಿಪಡುತ್ತಿದ್ದೆ. ಆಫೀಸಿನಲ್ಲಿ ಯಾರಾದರೂ ಇಲ್ಲಿನ ಸಂದೇಶ್ ಕೊಟ್ಟರೆ 'ನಮ್ಮ ಲೈನ್ ಬಜಾರ್ ಪೇಡೆ ತಿಂದು ನೋಡಿ' ಅಂತ ಶುರುಮಾಡುತ್ತಿದ್ದೆ. ಪಾಪ, ಅವರು ಪ್ರೀತಿಯಿಂದ ಕೊಟ್ಟದ್ದು, ನಾನು ಸ್ಪರ್ಧೆಗೆ ಇಳಿಯುತ್ತಿದ್ದೆ.

ಬಂಗಾಳಿ ಕಲಿಯಲಿಲ್ಲ. ಹಿಂದಿ, ಇಂಗ್ಲಿಷಿನಲ್ಲಿ ಕೆಲಸ ನಡೆಯುತ್ತಿತ್ತು. ಚರ್ಚಿನಲ್ಲೂ ಅಷ್ಟೇ. ನಮ್ಮ ದಕ್ಷಿಣದ ಸಿಎಸ್‌ಐ ಆದದ್ದು 1947ರಲ್ಲಿ, ಉತ್ತರದ ಸಿಎನ್‌ಐ 1970ರಲ್ಲಿ. ಎರಡೂ ಅಕ್ಕತಂಗಿಯರ ಹಾಗೆ, ಆರಾಧನೆಯ ಕ್ರಮವೂ ಹೆಚ್ಚುಕಡಿಮೆ ಒಂದೇ. ಆದರೂ ನಾನು ಹಿಂದಿನ ಬೆಂಚಿನಲ್ಲಿ ಕೂತು ಧಾರವಾಡದ ಹೆಬಿಕ್ ಮೆಮೋರಿಯಲ್ ಚರ್ಚಿನ ಹಾಡಿನ ಜೊತೆ ಇಲ್ಲಿನ ಹಾಡನ್ನು ತೂಗುತ್ತಿದ್ದೆ. ಬಾಯಿ ತೆರೆದು ಹಾಡುತ್ತಿರಲಿಲ್ಲ.

ಮಗಳು ಮಾತ್ರ ನನ್ನ ಹಾಗಲ್ಲ. ಎಂಟು ವರ್ಷದ ಅವಳು ಹುಟ್ಟಿದ್ದೇ ಇಲ್ಲಿ. ಕೆಳಗಿನ ಮನೆಯ ಹಿರಿಯ ಹೆಂಗಸನ್ನು ನಾವೆಲ್ಲ 'ಕಾಕಿಮಾ' ಅನ್ನುತ್ತೇವೆ. ಮಗಳು ಅರ್ಧ ದಿನ ಅವರ ಮನೆಯಲ್ಲೇ ಬೆಳೆದವಳು. ಒಂದು ದಿನ ಶಾಲೆಯ ಪುಸ್ತಕದಲ್ಲಿ 'ನನ್ನ ಮನೆ' ಅಂತ ಚಿತ್ರ ಬರೆದಿದ್ದಳು. ಹನ್ನೊಂದು ಮಹಡಿಯ ಕಟ್ಟಡ, ಏಳನೇ ಮಹಡಿಯ ಕಿಟಕಿಯಲ್ಲಿ ಮೂರು ತಲೆ. "ಇದು ನಮ್ಮನಿ ಅಲ್ಲ ಪುಟ್ಟಿ, ನಮ್ಮನಿ ಧಾರವಾಡದಾಗ ಐತಿ" ಅಂದೆ. ಅವಳು ನನ್ನ ಮುಖ ನೋಡಿ, "ಅದು ನಿಂದು. ಇದು ನಂದು" ಅಂದಳು. ನಗು ಬಂತು, ಆದರೆ ರಾತ್ರಿ ನಿದ್ದೆ ಬರಲಿಲ್ಲ.

ಜೂನ್‌ನಲ್ಲಿ ಅಕ್ಕನ ಫೋನ್ ಬಂದ ಮೇಲೆ ನಾನು ಆ ಗೊಂಚಲನ್ನು ಹೊರಗೆ ತೆಗೆದು ಟೀಪಾಯಿಯ ಮೇಲೆ ಇಟ್ಟಿದ್ದೆ. ಏನೋ ಕೊಡಲು ಬಂದ ಕಾಕಿಮಾ ಅದನ್ನು ನೋಡಿದರು. ಯಾವ ಕೀಲಿ ಅಂತ ಕೇಳಿದರು, ಹೇಳಿದೆ. ಅವರ ಗಂಡನ ಮನೆಯವರು ದೇಶ ವಿಭಜನೆಯ ಕಾಲದಲ್ಲಿ ಈಗಿನ ಬಾಂಗ್ಲಾದೇಶದ ಬಾರಿಸಾಲ್‌ನಿಂದ ಬಂದವರು. ಜಾದವ್‌ಪುರದ ಹತ್ತಿರ, ಯುದ್ಧಕಾಲದ ಮಿಲಿಟರಿ ಶಿಬಿರದ ಜಾಗದಲ್ಲಿ ನಿರಾಶ್ರಿತರೇ ಕಟ್ಟಿಕೊಂಡ ಬಿಜಯಗಢ ಕಾಲೊನಿಯಲ್ಲಿ ನೆಲೆ ನಿಂತವರು. "ನಮ್ಮ ಮಾವನವರೂ ಕೀಲಿ ಇಟ್ಟುಕೊಂಡಿದ್ದರು ಬಾಬಾ" ಅಂದರು. "ಸಾಯುವವರೆಗೂ ದಿಂಬಿನ ಕೆಳಗೆ. ಅತ್ತೆಯವರು ಮಾತ್ರ ಬಂದ ವರ್ಷವೇ ಶೆಡ್ಡಿನ ಮುಂದೆ ಸೋರೆಬಳ್ಳಿ ಹಬ್ಬಿಸಿದರಂತೆ. ನಾವು ತಿಂದದ್ದು ಆ ಸೋರೆಕಾಯಿ."

ಅವರು ಬುದ್ಧಿ ಹೇಳಲು ಹೇಳಿದ್ದಲ್ಲ, ಹಳೆಯದನ್ನು ನೆನೆದು ಹೇಳಿದ್ದು. ಆದರೆ ನನಗೆ ನಾಚಿಕೆಯಾಯಿತು. ಅವರ ಮನೆ ಗಡಿಯ ಆಚೆ ಉಳಿಯಿತು. ಅವರಿಗೆ ಆಯ್ಕೆ ಇರಲಿಲ್ಲ. ನನ್ನದು ಹಾಗಲ್ಲ. ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಧಾರವಾಡ ಸ್ಟೇಷನ್ನಿನಲ್ಲೇ ಇಳಿಯಬಹುದು. ನಾನು ಕಳೆದುಕೊಂಡವನಲ್ಲ, ಕಳೆದುಕೊಂಡವನ ಹಾಗೆ ಬದುಕುತ್ತಿದ್ದವನು.

ಆಗಸ್ಟ್ ತಿಂಗಳ ಒಂದು ಶನಿವಾರ ಚರ್ಚಿನ ಗುಂಪು ಸೆರಾಂಪುರಕ್ಕೆ ಹೊರಟಿತ್ತು. ಇಲ್ಲಿಯವರು ಶ್ರೀರಾಮಪುರ ಅನ್ನುತ್ತಾರೆ. ಹೆಂಡತಿ ಒತ್ತಾಯ ಮಾಡಿ ಕರೆದುಕೊಂಡು ಹೋದಳು. ಹೌರಾದಿಂದ ಲೋಕಲ್ ಟ್ರೇನಿನಲ್ಲಿ ಬಾಲಿ, ಉತ್ತರಪಾರಾ, ಕೊನ್ನಗರ, ರಿಷ್ರಾ ದಾಟಿದರೆ ಸೆರಾಂಪುರ. ಹೂಗ್ಲಿ ನದಿಯ ದಂಡೆಯ ಈ ಊರು 1755ರಿಂದ 1845ರವರೆಗೆ ಡೇನಿಷರ ಕೈಯಲ್ಲಿತ್ತು. ಬ್ರಿಟಿಷ್ ಕಂಪನಿ ಸರ್ಕಾರಕ್ಕೆ ಮಿಶನರಿಗಳು ಬೇಡವಾಗಿದ್ದ ಕಾಲದಲ್ಲಿ, 1800ರಲ್ಲಿ, ವಿಲಿಯಂ ಕ್ಯಾರಿ ಇಲ್ಲಿಗೆ ಬಂದು ನೆಲೆಸಿದ್ದು ಅದಕ್ಕೇ. ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಮನುಷ್ಯ. ಇಲ್ಲಿ ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಜೊತೆ ಸೇರಿ ಒಂದು ಮುದ್ರಣಾಲಯ ಕಟ್ಟಿ, 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದ. 1818ರಲ್ಲಿ ಮೂವರೂ ಸೇರಿ ಕಾಲೇಜು ತೆರೆದರು. ಅದು ಇವತ್ತೂ ನಡೆಯುತ್ತಿದೆ.

ಇಷ್ಟು ನನಗೆ ಸಂಡೇ ಸ್ಕೂಲಿನಿಂದಲೇ ಗೊತ್ತಿತ್ತು. ಗೊತ್ತಿಲ್ಲದ್ದನ್ನು ನಮ್ಮ ಜೊತೆ ಬಂದಿದ್ದ ಒಬ್ಬ ನಿವೃತ್ತ ಮೇಷ್ಟ್ರು, ಕಾಲೇಜಿನ ದೊಡ್ಡ ಕಂಬಗಳ ನೆರಳಲ್ಲಿ ಕೂತು ಹೇಳಿದರು.

1812ರ ಮಾರ್ಚ್ 11ರ ಸಂಜೆ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕ್ಯಾರಿ ಅಂದು ಕೋಲ್ಕತ್ತಾದಲ್ಲಿದ್ದ, ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ವಾರ್ಡ್ ಮತ್ತು ಉಳಿದವರು ಬೆಂಕಿ ಆರಿಸಲು ಗಂಟೆಗಟ್ಟಲೆ ಹೆಣಗಿದರೂ ಮಧ್ಯರಾತ್ರಿಯ ಹೊತ್ತಿಗೆ ಚಾವಣಿ ಕುಸಿಯಿತು. ಕಾಗದದ ದಾಸ್ತಾನು, 14 ಪೂರ್ವದೇಶದ ಭಾಷೆಗಳ ಅಚ್ಚುಮೊಳೆ, ವರ್ಷಗಟ್ಟಲೆ ಬರೆದಿಟ್ಟ ನಿಘಂಟು, ವ್ಯಾಕರಣ, ಅನುವಾದಗಳ ಹಸ್ತಪ್ರತಿ ಎಲ್ಲ ಹೋದವು. "ನೀವು ಕನ್ನಡದವರಲ್ಲವೇ?" ಅಂತ ಮೇಷ್ಟ್ರು ನನ್ನ ಕಡೆ ತಿರುಗಿದರು. "ಸುಟ್ಟದ್ದರಲ್ಲಿ ನಿಮ್ಮ ಕನ್ನಡ ಹೊಸ ಒಡಂಬಡಿಕೆಯ ಅನುವಾದವೂ ಇತ್ತು."

ನಾನು ಎದ್ದು ಕೂತೆ. ಒಂಬತ್ತು ವರ್ಷ 'ಇಲ್ಲಿ ನಮ್ಮದು ಅಂತ ಏನಿದೆ' ಅಂದುಕೊಂಡಿದ್ದ ಊರಿನ ಮಗ್ಗುಲಲ್ಲಿ, ಇನ್ನೂರು ವರ್ಷದ ಹಿಂದೆ ಕನ್ನಡದ ಹಾಳೆಗಳು ಸುಟ್ಟಿದ್ದವು.

ಮರುದಿನ ಮಾರ್ಷ್‌ಮನ್ ಹೋಗಿ ಸುದ್ದಿ ಹೇಳಿ ಕ್ಯಾರಿಯನ್ನು ಕರೆತಂದ. ಬೂದಿಯ ನಡುವೆ ಓಡಾಡುವಾಗ ಅವನ ಕಣ್ಣಲ್ಲಿ ನೀರಿತ್ತಂತೆ. ಆದರೆ ಅದೇ ಬೂದಿಯೊಳಗೆ ಅಕ್ಷರ ಎರಕ ಹೊಯ್ಯುವ ಮೂಲ ಅಚ್ಚುಗಳು ಸಿಕ್ಕವು. ಪಕ್ಕದ ಕೋಣೆಯಲ್ಲಿದ್ದ ಪ್ರೆಸ್‌ಗಳು ಉಳಿದಿದ್ದವು. ಕರಗಿ ಗಟ್ಟಿಯಾಗಿದ್ದ ಸೀಸವನ್ನೇ ಮತ್ತೆ ಕರಗಿಸಿ ಕೆಲವೇ ದಿನಗಳಲ್ಲಿ ಹೊಸ ಮೊಳೆ ಎರೆಯಲು ಶುರು ಮಾಡಿದರು. ಬೆಂಕಿ ಬಿದ್ದ ಮೇಲಿನ ಭಾನುವಾರ ಕ್ಯಾರಿ ಪ್ರಸಂಗಕ್ಕೆ ಆರಿಸಿಕೊಂಡದ್ದು 46ನೇ ಕೀರ್ತನೆಯ ಹತ್ತನೇ ವಚನ, ಸುಮ್ಮನಿದ್ದು ದೇವರನ್ನು ದೇವರೆಂದು ಅರಿಯಬೇಕು ಎನ್ನುವ ಅರ್ಥದ ಮಾತು. ಆಮೇಲೆ ಸುಮ್ಮನೆ ಕೂತು ಸುಟ್ಟದ್ದನ್ನು ಮತ್ತೆ ಬರೆಯಲು ತೊಡಗಿದ. ಒಮ್ಮೆ ನಡೆದ ದಾರಿಯನ್ನು ಎರಡನೇ ಸಲ ನಡೆಯುವುದು ಸುಲಭ ಅನ್ನುವ ಅರ್ಥದಲ್ಲಿ ಪತ್ರವನ್ನೂ ಬರೆದ. ಐದು ವರ್ಷದ ನಂತರ, 1817ರಲ್ಲಿ, ಅವನ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾಗಿ ಬಂತು. ಕನ್ನಡ ಅಚ್ಚಿನ ಚರಿತ್ರೆಯ ತೀರ ಆರಂಭದ ಪುಸ್ತಕಗಳಲ್ಲಿ ಅದೊಂದು. ಮಂಗಳೂರಿನಲ್ಲಿ ಮೊಗ್ಲಿಂಗರ 'ಮಂಗಳೂರ ಸಮಾಚಾರ' ಹೊರಡಲು ಇನ್ನೂ 26 ವರ್ಷ ಬಾಕಿ ಇತ್ತು, ಕಿಟೆಲ್ ನಿಘಂಟಿಗೆ 77 ವರ್ಷ.

ಆ ರಾತ್ರಿ ಮನೆಗೆ ಬಂದು ಅಂತರ್ಜಾಲದಲ್ಲಿ ಕ್ಯಾರಿಯ ಬಗ್ಗೆ ಇನ್ನಷ್ಟು ಓದಿದೆ. 1793ರಲ್ಲಿ ಬಂದವನು 1834ರಲ್ಲಿ ಸೆರಾಂಪುರದಲ್ಲೇ ಸತ್ತ. ಅದೇ ವರ್ಷ ಬಾಸೆಲಿನವರು ಮಂಗಳೂರಿಗೆ ಬಂದರು. ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ ಅವನು ಇಂಗ್ಲೆಂಡಿಗೆ ವಾಪಸ್ ಹೋಗಲಿಲ್ಲ. ಹಾಗಂತ ಅವನಿಗೆ ಊರು ನೆನಪಾಗುತ್ತಿರಲಿಲ್ಲವೇ? ಒಂದು ಸಲ ಇಂಗ್ಲೆಂಡಿನಿಂದ ಬೀಜದ ಚೀಲ ಬಂತು. ಬೀಜ ತೆಗೆದ ಮೇಲೆ ಚೀಲದಲ್ಲಿ ಉಳಿದ ಮಣ್ಣನ್ನು ತೋಟದ ನೆರಳಿನ ಮೂಲೆಯಲ್ಲಿ ಕೊಡವಿದ. ಕೆಲವು ದಿನಕ್ಕೆ ಅಲ್ಲಿ ಇಂಗ್ಲೆಂಡಿನ ಡೇಸಿ ಹೂವಿನ ಸಸಿ ಎದ್ದಿತು. ಅದನ್ನು ನೋಡಿದಾಗ ಆದಷ್ಟು ಸಂತೋಷ ಊರು ಬಿಟ್ಟ ಮೇಲೆ ತನಗೆ ಇನ್ಯಾವುದರಿಂದಲೂ ಆಗಿಲ್ಲ ಎಂಬ ಅರ್ಥದಲ್ಲಿ ಬೀಜ ಕಳಿಸಿದವರಿಗೆ ಬರೆದ. ವರ್ಷ ವರ್ಷ ಅದರ ಬೀಜ ಉಳಿಸಿ ಮತ್ತೆ ಬಿತ್ತಿದ. ನೆನಪು ಅವನಿಗೂ ಇತ್ತು, ಆದರೆ ಅದನ್ನು ಬಂಗಾಳದ ಮಣ್ಣಿನಲ್ಲಿ ಹಾಕಿದ. ನಾನು ಡ್ರಾದಲ್ಲಿ ಇಟ್ಟಿದ್ದೆ.

ಇನ್ನೊಂದು ಸಂಗತಿಯೂ ಸಿಕ್ಕಿತು. 'ನಾಸ್ಟಾಲ್ಜಿಯಾ' ಎಂಬ ಪದವನ್ನು ಹುಟ್ಟಿಸಿದ್ದು 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ. ಊರು ಬಿಟ್ಟು ದೂರ ಇರುವ ಸ್ವಿಸ್ ಜನರಿಗೆ ಬರುವ ಕಾಯಿಲೆ ಅಂತಲೇ ಅವನು ಪ್ರಬಂಧ ಬರೆದ. ಗ್ರೀಕಿನಲ್ಲಿ ಮನೆಗೆ ಮರಳುವುದು ಮತ್ತು ನೋವು, ಈ ಎರಡನ್ನು ಕೂಡಿಸಿ ಹೆಸರಿಟ್ಟ. ಆ ಪ್ರಬಂಧ ಬರೆದದ್ದು ಎಲ್ಲಿ ಅನ್ನುತ್ತೀರಿ? ಬಾಸೆಲ್ ವಿಶ್ವವಿದ್ಯಾಲಯದಲ್ಲಿ! ನಮ್ಮ ಹಿರಿಯರಿಗೆ ಸುವಾರ್ತೆ ಬಂದ ಊರಿನಿಂದಲೇ ನನ್ನ ಕಾಯಿಲೆಗೆ ಹೆಸರೂ ಬಂದಿತ್ತು. ಒಬ್ಬನೇ ಕೂತು ನಕ್ಕೆ.

ಆದರೆ ನನ್ನದು ಬರೀ ಊರಿನ ಹಂಬಲ ಆಗಿರಲಿಲ್ಲ. ಬರೆಯಲು ಕಷ್ಟವಾದ ಭಾಗ ಇದು.

ಅಪ್ಪನಿಗೆ ಮೊದಲ ಸಲ ಎದೆನೋವು ಬಂದಾಗ, ಮನೆ ಮಾರಿ ನಮ್ಮ ಜೊತೆ ಬಂದುಬಿಡಿ ಅಂತ ಹೇಳಿದವನು ನಾನೇ. ಹೇಳಿದ ರೀತಿಯೂ ಸರಿ ಇರಲಿಲ್ಲ. "ಈ ಹಳೇ ಹೆಂಚು ಕಾಯ್ಕೋತ ಎಷ್ಟು ದಿನ ಕೂಡ್ತೀರಿ?" ಅಂದಿದ್ದೆ. ಅಪ್ಪ ಎದ್ದು ನಿಂತು, "ನಾ ಸತ್ತ ಮ್ಯಾಲ ಮಾರ್ಕೊ" ಅಂದರು. ಆಮೇಲೆ ಎರಡು ವರ್ಷ ನಮ್ಮ ಮಾತು 'ಆರಾಮಾ?' 'ಆರಾಮು' ಇಷ್ಟೇ. ಒಂದು ರಾತ್ರಿ ಎರಡು ಗಂಟೆಗೆ ಫೋನ್ ಬಂತು. ಬೆಂಗಳೂರಿಗೆ ಹಾರಿ, ಅಲ್ಲಿಂದ ಕಾರಿನಲ್ಲಿ ಹೋಗುವ ಹೊತ್ತಿಗೆ ಪೆಟ್ಟಿಗೆ ಚರ್ಚಿನೊಳಗೆ ಇತ್ತು. ಮಣ್ಣು ಹಾಕಿದೆ, ಮಾತಾಡಲಿಲ್ಲ.

ಅದಾದ ಮೇಲೆ ಆ ಮನೆ ಮಾರುವುದು ನನ್ನಿಂದ ಆಗಲಿಲ್ಲ. ಜನರಿಗೆ ಅದನ್ನು ಊರಿನ ಪ್ರೀತಿ ಅಂತ ಹೇಳಿದೆ. ನನಗೂ ಹಾಗೇ ಹೇಳಿಕೊಂಡೆ. ನಿಜವಾಗಿ ಆ ಮನೆಯ ಹತ್ತಿರ ಕ್ಷಮೆ ಕೇಳುತ್ತಾ ಇದ್ದೆ. ಮನೆ ಉತ್ತರ ಕೊಡುವುದಿಲ್ಲ, ಹೀಗಾಗಿ ಕೇಳುವುದೂ ಮುಗಿಯುತ್ತಿರಲಿಲ್ಲ.

ಸೆರಾಂಪುರದಿಂದ ಬಂದ ಮೇಲೆ ಬೈಬಲ್ಲನ್ನು ಬೇರೆ ಕಣ್ಣಿನಿಂದ ಓದತೊಡಗಿದೆ. ಅರಣ್ಯಕಾಂಡದ 11ನೇ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಮರುಭೂಮಿಯಲ್ಲಿ ಕೂತು ಐಗುಪ್ತದ ಊಟ ನೆನೆದು ಅಳುತ್ತಾರೆ. ಪುಕ್ಕಟೆ ಮೀನು, ಸೌತೆಕಾಯಿ, ಕರಬೂಜ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಪಟ್ಟಿ ಬಹಳ ಉದ್ದ ಇದೆ. ಅಲ್ಲಿ ಇಟ್ಟಿಗೆ ಹೊತ್ತದ್ದು, ಬೆನ್ನ ಮೇಲೆ ಬಿದ್ದ ಏಟು ಆ ಪಟ್ಟಿಯಲ್ಲಿ ಇಲ್ಲ. ನನ್ನ ಧಾರವಾಡದ ಪಟ್ಟಿಯೂ ಹಾಗೇ ಇತ್ತು. ಪೇಡೆ ಇತ್ತು, ಜಿಟಿಜಿಟಿ ಮಳೆ ಇತ್ತು, ಹಾಡು ಇತ್ತು. ಅಪ್ಪನ ಸಾಲ, ಸೋರುವ ಅಡಿಗೆಮನೆಯಲ್ಲಿ ಅವ್ವ ಇಡುತ್ತಿದ್ದ ಪಾತ್ರೆಗಳು, ಆ ಎರಡು ವರ್ಷದ ಮೌನ ಇರಲಿಲ್ಲ.

ಅದೇ ಜನರಿಗೆ ದೇವರು ಮನ್ನ ಕೊಟ್ಟದ್ದು ಒಂದೊಂದು ದಿನಕ್ಕೆ ಮಾತ್ರ. ನಾಳೆಗೆ ಅಂತ ಎತ್ತಿಟ್ಟರೆ ಹುಳ ಬೀಳುತ್ತಿತ್ತು. ಸಬ್ಬತ್ತಿನ ಹಿಂದಿನ ದಿನಕ್ಕಷ್ಟೇ ವಿನಾಯಿತಿ. ಕರ್ತನ ಪ್ರಾರ್ಥನೆಯಲ್ಲೂ ನಾವು ಬೇಡುವುದು ಇವತ್ತಿನ ಆಹಾರವನ್ನು. ಅದರ ಬೆನ್ನಿಗೇ ಬರುವ ಬೇಡಿಕೆ ಕ್ಷಮೆಯದು. ಹುಟ್ಟಿದಾಗಿನಿಂದ ಹೇಳುತ್ತಾ ಬಂದ ಈ ಎರಡು ಬೇಡಿಕೆಗಳು ಪಕ್ಕಪಕ್ಕ ಇರುವುದು ಯಾಕೆ ಅಂತ ಈ ವಯಸ್ಸಿನಲ್ಲಿ ಹೊಳೆಯಿತು. ಕ್ಷಮೆಯೂ ಅನ್ನದ ಹಾಗೆ ಇವತ್ತು ತೆಗೆದುಕೊಳ್ಳಬೇಕಾದದ್ದು. ಕೊಟ್ಟದ್ದನ್ನು ತಗೊಳ್ಳದೆ ನಿನ್ನೆಯ ಬಾಗಿಲಲ್ಲಿ ಕೂತರೆ ಕೊಟ್ಟವನಿಗೂ ಅವಮಾನ, ನಮಗೂ ಉಪವಾಸ.

ಯೆರೆಮೀಯನು ಬಾಬೆಲಿನಲ್ಲಿದ್ದ ಸೆರೆಯವರಿಗೆ ಬರೆದ ಪತ್ರವನ್ನೂ ಓದಿದೆ, ಅದು 29ನೇ ಅಧ್ಯಾಯ. ಬೇಗ ವಾಪಸ್ ಬರುತ್ತೀರಿ ಅಂತ ಕೆಲವರು ಅವರಿಗೆ ಆಸೆ ಹಚ್ಚುತ್ತಿದ್ದರು. ಇವನು ಮಾತ್ರ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅಂತ ಬರೆದ. ಒಂಬತ್ತು ವರ್ಷದಲ್ಲಿ ನಾನು ಕೋಲ್ಕತ್ತಾದ ಟ್ರಾಫಿಕ್ಕನ್ನು ಬೈದಿದ್ದೆ, ಸೆಕೆಯನ್ನು ಬೈದಿದ್ದೆ. ಈ ಊರಿಗಾಗಿ ಒಂದು ಸಲವೂ ಪ್ರಾರ್ಥಿಸಿರಲಿಲ್ಲ.

ಪೂಜಾ ರಜೆಗೆ ಮೂವರೂ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದೆವು. ಶಾಲಿಮಾರ್‌ನಿಂದ ಎರಡು ರಾತ್ರಿಯ ಪ್ರಯಾಣ. ಬಳ್ಳಾರಿ ದಾಟಿ ಕೊಪ್ಪಳ, ಗದಗ ಬರುವಾಗ ಕಿಟಕಿಯಲ್ಲಿ ಕಪ್ಪು ಮಣ್ಣು ಕಂಡು ಗಂಟಲು ಕಟ್ಟಿತು. ಕಟ್ಟಲಿ ಅಂತ ಬಿಟ್ಟೆ.

ಧಾರವಾಡದ ಮನೆಗೆ ಅವ್ವನೂ ಬರುತ್ತೇನೆ ಅಂದಳು. ಅಕ್ಕ, ಭಾವ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದರು. ಮುಂಬಾಗಿಲ ಕೀಲಿ ತಿರುಗಲೇ ಇಲ್ಲ, ತುಕ್ಕು. ಆರು ವರ್ಷ ಎದೆಗವಚಿಕೊಂಡ ಕೀಲಿ ಕೆಲಸಕ್ಕೆ ಬರಲಿಲ್ಲ. ಬಿದ್ದ ಹಿತ್ತಲ ಗೋಡೆಯ ಕಡೆಯಿಂದ ಒಳಗೆ ಹೋಗಿ ಚಿಲಕ ತೆಗೆದೆ. ಒಳಗೆ ಬಾವಲಿಯ ವಾಸನೆ. ಅಪ್ಪನ ಕಪಾಟಿನಲ್ಲಿದ್ದ ಹಾಡಿನ ಪುಸ್ತಕ ಗೆದ್ದಲು ತಿಂದು ಮುಟ್ಟಿದರೆ ಉದುರುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತು, ಎಂಟು ವರ್ಷದಿಂದ ಹೇಳದ್ದನ್ನು ಅವ್ವನಿಗೆ ಹೇಳಿದೆ. ಅಪ್ಪನಿಗೆ ಹಾಗೆ ಅನ್ನಬಾರದಿತ್ತು ಅಂದೆ.

ಅವ್ವ ಕೋಲಿನ ಮೇಲೆ ಭಾರ ಹಾಕಿ ನಿಂತು ಕೇಳಿದಳು. ಆಕೆ ಅಳಲಿಲ್ಲ. "ನಿಮ್ಮಪ್ಪ ಏನಂದಿದ್ರು? ಸತ್ತ ಮ್ಯಾಲ ಮಾರ್ಕೊ ಅಂದಿದ್ರಿಲ್ಲೋ? ಸತ್ತು ಆರು ವರ್ಷ ಆತು. ಇನ್ನ ಮಾರು. ಸಿಟ್ಟಿನ್ಯಾಗ ಅಂದ್ರೂ ಅಪ್ಪಣೀನ ಅದು."

ಅಕ್ಕ ಕಿಸಕ್ಕನೆ ನಕ್ಕಳು. ನಾನೂ ಅಳುತ್ತಲೇ ನಕ್ಕೆ.

ಆಮೇಲೆ ಅವ್ವ ಮೆಲ್ಲಗೆ ಅಂದಳು: "ಅವರು ಆ ರಾತ್ರೀನ ಬಿಟ್ಟಿದ್ರು. ದಿನಾ ನಿನ್ನ ಹೆಸರ ತಗೊಂಡು ಪ್ರಾರ್ಥನಿ ಮಾಡತಿದ್ರು. ನಿನಗ ಫೋನ್ ಮಾಡಾಕ ಸಂಕೋಚ ಅಷ್ಟ. ನೀನ ಬಿಟ್ಟಿಲ್ಲ ನೋಡು."

ಮರುದಿನ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಅವ್ವ, ಅಕ್ಕ, ನಾನು ಸಹಿ ಹಾಕಿ ಹೆಬ್ಬೆಟ್ಟು ಒತ್ತಿದೆವು. ತಗೊಂಡವರು ಸಣ್ಣ ವಯಸ್ಸಿನ ಗಂಡ ಹೆಂಡತಿ. ಕೀಲಿ ಗೊಂಚಲು ಕೊಟ್ಟೆ. ನಾಲ್ಕನೆಯದು ಯಾವುದರದ್ದು ಅಂತ ಆ ಹುಡುಗ ಕೇಳಿದ. ಗೊತ್ತಿಲ್ಲ ಅಂದೆ.

ಹಿತ್ತಲಿನ ದುಂಡುಮಲ್ಲಿಗೆಯ ಒಂದು ಟೊಂಗೆ ಕತ್ತರಿಸಿ, ಕ್ಯಾರಿಯ ಡೇಸಿ ನೆನೆಯುತ್ತಾ, ಒದ್ದೆ ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ತಂದೆ. ಅದು ಬದುಕಲಿಲ್ಲ. ಹದಿನೈದೇ ದಿನಕ್ಕೆ ಒಣಗಿತು. ನನ್ನ ಪೆಚ್ಚು ಮುಖ ನೋಡಿ ಕಾಕಿಮಾ ತಮ್ಮ ಬಾಲ್ಕನಿಯಿಂದ ಒಂದು ಕುಂಡ ಎತ್ತಿ ಕೊಟ್ಟರು. ಇಲ್ಲಿ 'ಬೇಲ್ ಫೂಲ್' ಅನ್ನುತ್ತಾರೆ. ಅದೇ ದುಂಡುಮಲ್ಲಿಗೆ.

ನವೆಂಬರಿನಲ್ಲಿ ಅವ್ವನ ಎರಡೂ ಮೊಣಕಾಲಿನ ಆಪರೇಷನ್ ಹುಬ್ಬಳ್ಳಿಯಲ್ಲೇ ಆಯಿತು. ಮನೆಯ ದುಡ್ಡಿನಲ್ಲೇ ಆಯಿತು, ಆಕೆಯ ಹಟದಂತೆ. ಉಳಿದದ್ದರಲ್ಲಿ ಅಕ್ಕನ ಮನೆ ಹತ್ತಿರ ನೆಲಮಹಡಿಯ ಸಣ್ಣ ಮನೆಯೊಂದನ್ನು ನೋಡಿದ್ದೇವೆ. ಫೆಬ್ರವರಿಯಿಂದ ಆಕೆ ನಮ್ಮ ಜೊತೆ ಇಲ್ಲಿದ್ದಾಳೆ. ಬಂಗಾಳಿ ಒಂದಕ್ಷರ ಬರುವುದಿಲ್ಲ. ಆದರೂ ಮಧ್ಯಾಹ್ನ ಅವ್ವ, ಕಾಕಿಮಾ ಇಬ್ಬರೂ ಕೂತು ಗಂಟೆಗಟ್ಟಲೆ ಮಾತಾಡುತ್ತಾರೆ, ಇವರದು ಕನ್ನಡ, ಅವರದು ಬಂಗಾಳಿ. ಮೊಣಕಾಲಿನ ವಿಷಯಕ್ಕೆ ಭಾಷೆ ಬೇಕಿಲ್ಲ ಅಂತ ಕಾಣುತ್ತದೆ. ಹಿಲ್ಸಾ ಮೀನಿನ ಮುಳ್ಳಿನ ಬಗ್ಗೆ ಮಾತ್ರ ಅವ್ವನ ತಕರಾರು ಮುಗಿದಿಲ್ಲ. ಏಪ್ರಿಲ್‌ನಲ್ಲಿ ಕುಂಡದಲ್ಲಿ ಮೊದಲ ಹೂ ಬಿಟ್ಟಾಗ ಆಕೆ ಮೂಸಿ ನೋಡಿ, "ಎಲ್ಲಾ ಕಡೆ ಒಂದ ವಾಸನಿ" ಅಂದಳು.

ಮಂಚದ ಕೆಳಗಿನ ಪೆಟ್ಟಿಗೆ ಬಿಚ್ಚಿದೆ. ಒಂದರಲ್ಲಿ ಹಳೆಯ ಕೇಬಲ್‌ಗಳು, ಇನ್ನೊಂದರಲ್ಲಿ ನಮ್ಮ ಮದುವೆಯ ಫೋಟೋ. ಗೋಡೆಗೆ ಮೊಳೆ ಹೊಡೆದೆ. ಮಗಳು ವಿದ್ಯಾಸಾಗರರ 'ಬರ್ಣಪರಿಚಯ' ಇಟ್ಟುಕೊಂಡು ನನಗೆ ಅಕ್ಷರ ಕಲಿಸುತ್ತಿದ್ದಾಳೆ. 1855ರ ಪುಸ್ತಕ, ಇಲ್ಲಿ ಇವತ್ತಿಗೂ ಮಕ್ಕಳು ಅದರಲ್ಲೇ ಕಲಿಯುತ್ತಾರೆ. ಟೀಚರ್ ಬಹಳ ಸ್ಟ್ರಿಕ್ಟ್. ತಿಂಗಳಿಗೊಮ್ಮೆ ಚರ್ಚಿನ ಬಂಗಾಳಿ ಆರಾಧನೆಗೆ ಹೋಗುತ್ತೇವೆ. ಅರ್ಧ ಅರ್ಥವಾಗುತ್ತದೆ, ಆದರೆ ಹಾಡುತ್ತೇನೆ.

ನೀವೂ ಊರು ಬಿಟ್ಟವರೇ ಆಗಿದ್ದರೆ, ಇವನು ಊರನ್ನು ಮರೆತುಬಿಡಿ ಅನ್ನುತ್ತಿದ್ದಾನೆ ಅಂದುಕೊಳ್ಳಬೇಡಿ. ನಮ್ಮ ನಂಬಿಕೆ ನಿಂತಿರುವುದೇ ನೆನಪಿನ ಮೇಲೆ. ಕರ್ತನ ಭೋಜನ ಮಾಡುವುದೇ ಅವನ ನೆನಪಿಗಾಗಿ. ಆದರೆ ಆ ಮೇಜಿನ ಹತ್ತಿರ ನೆನೆದು ಸುಮ್ಮನೆ ಕೂರುವುದಿಲ್ಲ. 'ನೀನು ತಗೋ' ಅಂತ ಇವತ್ತಿನ ರೊಟ್ಟಿಯನ್ನು ಕೈಯಲ್ಲಿ ಇಡುತ್ತಾರೆ. ತಿಂದು ಎದ್ದು ಹೋಗಬೇಕು, ಹಿಂದೆ ಬೇರೆಯವರು ಕಾಯುತ್ತಿರುತ್ತಾರೆ.

ಹಾಗಂತ ನಾನು ಪೂರ್ತಿ ಗುಣವಾಗಿಲ್ಲ. ಇವತ್ತು ಬೆಳಿಗ್ಗೆಯೂ ಧಾರವಾಡದ ಹವಾಮಾನ ನೋಡಿದೆ. 24 ಡಿಗ್ರಿ, ಜಿಟಿಜಿಟಿ ಮಳೆ. ಆಮೇಲೆ ಕೋಲ್ಕತ್ತಾದ್ದನ್ನೂ ನೋಡಿ, ಮಗಳ ಬ್ಯಾಗಿಗೆ ಛತ್ರಿ ಹಾಕಿದೆ. ಟಿವಿ ಕೆಳಗಿನ ಡ್ರಾದಲ್ಲಿ ಈಗ ನನ್ನ ಮೆಟ್ರೋ ಕಾರ್ಡ್, ಅವ್ವನ ಮಾತ್ರೆ ಡಬ್ಬಿ ಇವೆ. ರಾತ್ರಿ ಒಂಬತ್ತಾಯಿತು. ಮಾತ್ರೆ ಕೊಡುವ ಹೊತ್ತು, ಏಳುತ್ತೇನೆ.